ಕತ್ತರಿ ಹಿಡಿದ ಅಭಿಮಾನಿ

ನಮ್ಮ ಹೈದರಾಬಾದಿನಲ್ಲಿ ಪ್ರತಿ ಸಿನಿಮಾಕ್ಕೂ ಎರಡು ಆಟ. ಒಂದು ಥಿಯೇಟರಿನ ಒಳಗೆ, ಇನ್ನೊಂದು ಹೊರಗೆ. ಆರ್.ಟಿ.ಸಿ. ಕ್ರಾಸ್ ರೋಡಿನಲ್ಲಿ ಆಟ ಬಿಡುವ ಹೊತ್ತಿಗೆ ಚಹಾದ ಅಂಗಡಿ ಮುಂದೆ ನಿಂತು ಕಿವಿಗೊಟ್ಟರೆ ಸಾಕು: 'ಸೆಕೆಂಡ್ ಹಾಫ್ ಲ್ಯಾಗು. ಇರವೈ ನಿಮಿಷಾಲು ಲೇಪೇಸ್ತೆ ಸೂಪರ್ ಹಿಟ್ಟು.' ಇಪ್ಪತ್ತು ನಿಮಿಷ ಎತ್ತಿ ಒಗೆದರೆ ಗೆದ್ದಂತೆ ಅಂತ ಅರ್ಥ. ಟಿಕೇಟು ಕೊಂಡವನೆಲ್ಲ ಇಲ್ಲಿ ಸಂಕಲನಕಾರ. ಆದರೆ ಆ ಇಪ್ಪತ್ತು ನಿಮಿಷ ಯಾವುದಪ್ಪಾ, ಅದನ್ನು ಎತ್ತಿದ ಮೇಲೆ ಉಳಿದದ್ದು ಯಾವ ಕಾಲ ಮೇಲೆ ನಿಲ್ಲುತ್ತದೆ ಅಂತ ಕೇಳಿ ನೋಡ್ರಿ. ಅಷ್ಟರಲ್ಲಿ ಚಹಾ ಮುಗಿದಿರುತ್ತದೆ.

ಈ ಮಾತನ್ನು ಬಾಯಲ್ಲೇ ಬಿಡದೆ ಕೈಯಿಂದ ಮಾಡಿ ತೋರಿಸಿದವನೊಬ್ಬನಿದ್ದಾನೆ. ಕ್ಯಾಲಿಫೋರ್ನಿಯಾದ ಮೈಕ್ ಜೆ. ನಿಕೋಲ್ಸ್, ವೃತ್ತಿಯಿಂದ ಸಂಕಲನಕಾರ. ಜಾರ್ಜ್ ಲ್ಯೂಕಸ್ ೧೯೯೯ರಲ್ಲಿ ತೆರೆಗೆ ತಂದ ವೈಜ್ಞಾನಿಕ ಕಲ್ಪನೆಯ ಚಿತ್ರ 'ಸ್ಟಾರ್ ವಾರ್ಸ್: ದಿ ಫ್ಯಾಂಟಮ್ ಮೆನೇಸ್' ಅವನಿಗೆ ಹಿಡಿಸಲಿಲ್ಲ. ಪೇಟೆಯಲ್ಲಿ ಎಲ್ಲರಿಗೂ ಸಿಗುವ ವಿಡಿಯೋ ಕ್ಯಾಸೆಟ್ಟನ್ನೇ ತಂದು, ಹದಿನೆಂಟು ನಿಮಿಷದಷ್ಟು ಕತ್ತರಿಸಿ, ೧೧೮ ನಿಮಿಷದ ಇನ್ನೊಂದು ಚಿತ್ರವನ್ನು ಮಾಡಿದ. ಅದೇ 'ದಿ ಫ್ಯಾಂಟಮ್ ಎಡಿಟ್'. ಆ ಕ್ಯಾಸೆಟ್ಟು ನಕಲಾಗುತ್ತ ಕೈಯಿಂದ ಕೈಗೆ ಹೋಯಿತು. ಮಾಡಿದವನ ಹೆಸರು ಬಯಲಾದದ್ದು ೨೦೦೧ರಲ್ಲಿ. ಲ್ಯೂಕಸ್‌ನ ಕಂಪನಿ ಮೊದಲು ಅಭಿಮಾನಿಯ ಆಟವೆಂದು ಸುಮ್ಮನಿತ್ತು; ಕ್ಯಾಸೆಟ್ಟಿಗೆ ಬೆಲೆ ಕಟ್ಟಿ ಮಾರುವವರು ಹುಟ್ಟಿಕೊಂಡಾಗ ಮುಖ ಗಂಟಿಕ್ಕಿತು. ನಿಕೋಲ್ಸ್ ಕ್ಷಮೆ ಕೇಳಿದ. ಆದರೆ ಅವನು ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. ಇವತ್ತು ಅಭಿಮಾನಿಗಳ ಮರುಸಂಕಲನ ಎನ್ನುವುದೇ ಒಂದು ಬೆಳೆಸು.

ಕನ್ನಡ ಸಾಹಿತ್ಯ ಓದುವ ನಮಗೆ ಈ ಗಗನನೌಕೆಗಳ ಉಸಾಬರಿ ಯಾಕೆ ಅಂತ ಕೆಲವರು ಮೂಗು ಮುರಿಯಬಹುದು. ನಮಗೇ ಬೇಕು ಅಂತ ನನ್ನ ವಾದ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವವರು ನಾವು. ಪಾಠಾಂತರ, ಪ್ರಕ್ಷಿಪ್ತ, ಪರಿಷ್ಕರಣ - ಈ ಮಾತುಗಳೆಲ್ಲ ತಾಳೆಗರಿಯ ಜೊತೆಗೇ ಸತ್ತವು ಅಂದುಕೊಂಡಿದ್ದೇವೆ. ಸತ್ತಿಲ್ಲ. ಕೃತಿಯೊಂದನ್ನು ತಿದ್ದುವ ಹಕ್ಕು ಯಾರಿಗೆ, ತಿದ್ದಿದ್ದನ್ನು ಅಳೆಯುವುದು ಹೇಗೆ ಎನ್ನುವ ಪ್ರಶ್ನೆಗಳು ಇವತ್ತು ತೆರೆಯ ಮೇಲೆ ಕುಣಿಯುತ್ತಿವೆ.

ಚಿತ್ರ ನೋಡದವರಿಗೆ ಕತೆ ಚುಟುಕಾಗಿ ಹೇಳಿಬಿಡುತ್ತೇನೆ. ನಾಬೂ ಎಂಬ ಗ್ರಹ. ತೆರಿಗೆಯ ಜಗಳ ತೆಗೆದು ಒಂದು ವ್ಯಾಪಾರಿ ಒಕ್ಕೂಟ ಅದಕ್ಕೆ ಮುತ್ತಿಗೆ ಹಾಕುತ್ತದೆ. ಇಬ್ಬರು ಜೆಡೈ ಯೋಧರು ಅಲ್ಲಿನ ಎಳೆಯ ರಾಣಿಯನ್ನು ಪಾರು ಮಾಡುತ್ತಾರೆ. ದಾರಿಯಲ್ಲಿ ಮರಳುಗಾಡಿನ ಗ್ರಹವೊಂದರಲ್ಲಿ ಅನಕಿನ್ ಎಂಬ ಒಂಬತ್ತು ವರ್ಷದ ಗುಲಾಮ ಹುಡುಗ ಸಿಗುತ್ತಾನೆ. ಮುಂದೆ ಇಡೀ ನಕ್ಷತ್ರಲೋಕವನ್ನೇ ನಡುಗಿಸುವ ಡಾರ್ಥ್ ವೇಡರ್ ಆಗುವವನು ಇವನೇ. ಜೊತೆಗೆ ಜಾರ್ ಜಾರ್ ಬಿಂಕ್ಸ್ ಎಂಬ ಉದ್ದ ಕಿವಿಯ ಜಲವಾಸಿ, ಗಂಗನ್ ಕುಲದವನು. ಎಡವುತ್ತಾನೆ, ಬೀಳುತ್ತಾನೆ, ತೊದಲು ಭಾಷೆ ಆಡುತ್ತಾನೆ. ಚಿತ್ರ ಬಂದಾಗ ಪ್ರೇಕ್ಷಕರ ಸಿಟ್ಟೆಲ್ಲ ಬಿದ್ದದ್ದು ಇವನ ತಲೆಯ ಮೇಲೆ.

ಮೂಲವನ್ನೂ ಮರುಸಂಕಲನವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದ್ದೇನೆ. ಗುಣ ಮೊದಲು ಹೇಳಬೇಕು. ನಿಕೋಲ್ಸ್ ಕತ್ತರಿಗೆ ಲಯದ ಕಿವಿ ಇದೆ. ಯಂತ್ರಸೈನಿಕರ ಹರಟೆ ಹೋಗಿದೆ. ಒಂದು ಸಲ ಕಣ್ಣಿಗೆ ಕಂಡದ್ದನ್ನು ಇನ್ನೊಂದು ಸಲ ಬಾಯಲ್ಲಿ ಹೇಳುವ ಮಾತುಗಳು ಹೋಗಿವೆ. ದೃಶ್ಯಗಳು ತಡವಾಗಿ ಶುರುವಾಗಿ ಬೇಗ ಮುಗಿಯುತ್ತವೆ. ೧೯೭೭ರ ಮೊದಲ 'ಸ್ಟಾರ್ ವಾರ್ಸ್' ಇದ್ದದ್ದೇ ಹಾಗೆ. ಆ ಚಿತ್ರದ ಮೊದಲ ಸಂಕಲನ ಲ್ಯೂಕಸ್‌ಗೇ ಒಪ್ಪಿಗೆಯಾಗದೆ, ಮಾರ್ಷಿಯಾ ಲ್ಯೂಕಸ್, ಪಾಲ್ ಹರ್ಷ್, ರಿಚರ್ಡ್ ಚ್ಯೂ ಎಂಬ ಮೂವರು ಮತ್ತೆ ಕೂತು ಕಟ್ಟಿದರು. ಸಂಕಲನಕ್ಕೆ ಆಸ್ಕರ್ ಪಡೆದರು. ಅಂದಮೇಲೆ ಸ್ಟಾರ್ ವಾರ್ಸ್‌ನ ಹುಟ್ಟಿನಲ್ಲೇ ಮರುಸಂಕಲನ ಇದೆ. ನಿಕೋಲ್ಸ್ ಮಾಡಿದ್ದು ಅದೇ ಮನೆತನದ ಕೆಲಸ.

ಇನ್ನೊಂದು ಕತ್ತರಿ ಗುರುತು ಇನ್ನೂ ಒಳ್ಳೆಯದು. ಹಳೆಯ ಚಿತ್ರಗಳಲ್ಲಿ ಜೆಡೈಗಳ 'ಫೋರ್ಸ್' ಒಂದು ಅಧ್ಯಾತ್ಮದ ಶಕ್ತಿ. ಸಾಧನೆಯಿಂದ ಒಲಿಯುವಂಥದು. ೧೯೯೯ರಲ್ಲಿ ಲ್ಯೂಕಸ್ ಇದಕ್ಕೊಂದು ಶಾಸ್ತ್ರ ಹೇಳಿದ: ರಕ್ತದಲ್ಲಿ ಮಿಡಿಕ್ಲೋರಿಯನ್ ಎಂಬ ಸೂಕ್ಷ್ಮಜೀವಿಗಳಿರುತ್ತವಂತೆ, ಹುಡುಗನ ರಕ್ತದಲ್ಲಿ ಅವುಗಳ ಲೆಕ್ಕ ಹೆಚ್ಚಿದೆಯಂತೆ, ಆದ್ದರಿಂದ ಅವನು ಯೋಗ್ಯನಂತೆ. ಭಕ್ತಿಗೆ ರಕ್ತಪರೀಕ್ಷೆ! ಯೋಗ್ಯತೆ ರಕ್ತದಲ್ಲಿದೆ ಎನ್ನುವ ಮಾತು ನಮ್ಮ ನಾಡಿಗೆ ಹೊಸದಲ್ಲ. ಅದರ ವಿರುದ್ಧ ಹನ್ನೆರಡನೆಯ ಶತಮಾನದಲ್ಲೇ ನಮ್ಮವರು ಬಾಯಿ ಬಿಟ್ಟು ಮಾತಾಡಿದ್ದಾರೆ. ನಿಕೋಲ್ಸ್ ಈ ಮಾತುಗಳನ್ನು ಕಡಿಮೆ ಮಾಡಿದ. ಅವನ ಮನಸ್ಸಿನಲ್ಲಿದ್ದದ್ದು ಬೇಸರ ಮಾತ್ರ ಇರಬಹುದು. ನನಗೆ ಮಾತ್ರ ಇದು ಒಂದು ಕೆಟ್ಟ ವಿಚಾರದ ಬೇರಿಗೇ ಬಿದ್ದ ಪೆಟ್ಟಾಗಿ ಕಂಡಿತು.

ಇನ್ನು ತಕರಾರು. ನಿಕೋಲ್ಸ್ ರಾಜಕೀಯವನ್ನೂ ಕತ್ತರಿಸಿದ. ಸೆನೆಟ್ಟಿನ ಚರ್ಚೆ, ವ್ಯಾಪಾರಿಗಳ ತೆರಿಗೆ ಮಾತು - ಬೋರು, ತೆಗೆದುಹಾಕು. ಕ್ರಾಸ್ ರೋಡಿನ ನಮ್ಮ ಗೆಳೆಯರೂ ಇದನ್ನೇ ಹೇಳುತ್ತಿದ್ದರು. ಆದರೆ ಈ ಸರಣಿ ಇರುವುದೇ ಒಂದು ಗಣರಾಜ್ಯ ಹೇಗೆ ಸಾಯುತ್ತದೆ ಎಂದು ಹೇಳಲಿಕ್ಕೆ. ಮಾತಿನಲ್ಲೇ ಕಾಲ ಕಳೆಯುವ ಸಭೆ, ಅದರ ಬೇಸರವನ್ನೇ ಬಂಡವಾಳ ಮಾಡಿಕೊಂಡು ಮೇಲೇರುವ ಒಬ್ಬ ಮುಗುಳ್ನಗೆಯ ಸೆನೆಟರ್. ಮುಂದಿನ ಚಿತ್ರದಲ್ಲಿ (೨೦೦೨) ಅವನಿಗೆ ತುರ್ತು ಅಧಿಕಾರ ಸಿಗುತ್ತದೆ. ಮೂರನೆಯದರಲ್ಲಿ (೨೦೦೫) ಅವನೇ ಚಕ್ರವರ್ತಿ. ೧೯೭೫ರಿಂದ ೧೯೭೭ರವರೆಗೆ ತುರ್ತುಪರಿಸ್ಥಿತಿ ಕಂಡ ದೇಶ ನಮ್ಮದು. ಸಭೆಯ ಮಾತು ಬೋರು, ಕೆಲಸ ಬೇಗ ಆಗಲಿ ಅನ್ನುವ ಅವಸರ ಎಲ್ಲಿಗೆ ಒಯ್ಯುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲ್ಯೂಕಸ್ ಆ ದೃಶ್ಯಗಳನ್ನು ಚೆನ್ನಾಗಿ ತೆಗೆದಿಲ್ಲ, ಒಪ್ಪಿದೆ. ಚೆನ್ನಾಗಿ ತೆಗೆಯದ ಮಾತು, ಬೇಡದ ಮಾತು - ಇವೆರಡೂ ಒಂದೇ ಅಲ್ಲ. ವೇಗದ ಮೋಹದಲ್ಲಿ ನಿಕೋಲ್ಸ್ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾನೆ.

ಒಂದೇ ಒಂದು ಶಬ್ದ ತೆಗೆದು ಪಾತ್ರವನ್ನೇ ಬದಲಿಸಿದ ಜಾಗವೂ ಇದೆ. ಮೂಲದಲ್ಲಿ ಹುಡುಗ ಅನಕಿನ್ ವಿಮಾನದಲ್ಲಿ ಅಡಗಿ ಕೂತು, ಅದು ತಾನಾಗಿ ಹಾರಿ, ಕೈಗೆ ಸಿಕ್ಕ ಗುಂಡಿ ಒತ್ತಿ, ಶತ್ರುವಿನ ನೌಕೆಯನ್ನು ಹೆಚ್ಚುಕಡಿಮೆ ಆಕಸ್ಮಿಕವಾಗಿ ಸಿಡಿಸುತ್ತಾನೆ. 'ಊಪ್ಸ್' ಅನ್ನುತ್ತಾನೆ. ಖುಷಿಯಾದಾಗ 'ಯಿಪ್ಪೀ' ಅಂತ ಕೂಗುತ್ತಾನೆ. ನಿಕೋಲ್ಸ್ ಈ 'ಊಪ್ಸ್', 'ಯಿಪ್ಪೀ' ಎರಡನ್ನೂ ತೆಗೆದ. ಈಗ ಹುಡುಗ ಬೇಕೆಂದೇ ಗುರಿಯಿಟ್ಟು ಹೊಡೆದ ವೀರನಂತೆ ಕಾಣುತ್ತಾನೆ. ಚಿತ್ರಕ್ಕೆ ಗಾಂಭೀರ್ಯ ಬಂತು ಅಂತ ಹಲವರು ಮೆಚ್ಚಿದರು. ನನಗೆ ಒಪ್ಪಿಗೆಯಿಲ್ಲ. ಮುಂದೆ ರಾಕ್ಷಸನಾಗುವವನು ಒಂದು ಕಾಲಕ್ಕೆ ತಾನೇನು ಮಾಡಿದೆ ಎಂದೇ ತಿಳಿಯದ ಮಗುವಾಗಿದ್ದ ಎನ್ನುವುದರಲ್ಲಿ ನೋವಿದೆ. ಒಂಬತ್ತರ ವಯಸ್ಸಿಗೇ ಗುರಿ ತಪ್ಪದ ವೀರ ಅಂದುಬಿಟ್ಟರೆ ಆ ನೋವು ಹೋಗಿ ಬರೀ ಕುದುರೆ ಸವಾರಿಯ ಕತೆ ಉಳಿಯುತ್ತದೆ.

ಜಾರ್ ಜಾರ್ ಬಿಂಕ್ಸ್‌ನ ವಿಷಯಕ್ಕೆ ಬಂದರೆ ಈ ಮರುಸಂಕಲನದ ಕೀರ್ತಿಯೆಲ್ಲ ಇರುವುದೇ ಅಲ್ಲಿ. ಅವನ ಎಡವಾಟಗಳನ್ನು, ಪೆದ್ದುತನವನ್ನು ಸಾಧ್ಯವಾದಷ್ಟು ತೆಗೆಯಲಾಗಿದೆ. ಅವನ ತೊದಲು ಭಾಷೆ ಕೆರಿಬಿಯನ್ ದ್ವೀಪಗಳ ಕರಿಯ ಜನರನ್ನು ಆಡಿಕೊಂಡಂತಿದೆ ಎಂದು ಆಗಲೇ ವಿಮರ್ಶಕರು ಆಕ್ಷೇಪ ಎತ್ತಿದ್ದರು. ಆ ನಗೆಯನ್ನು ಕತ್ತರಿಸಿದ್ದು ಸರಿಯೇ. ಆದರೆ ಬಹುಪಾಲು ಪ್ರೇಕ್ಷಕರ ಸಿಟ್ಟಿನಲ್ಲಿ ಈ ವಿವೇಚನೆ ಇರಲಿಲ್ಲ. ಚಿತ್ರ ಅವನನ್ನು ಗೇಲಿ ಮಾಡಿತು ಎಂದು ಅವರು ಸಿಟ್ಟಾಗಲಿಲ್ಲ. ಅವನು ಅಲ್ಲಿ ಇದ್ದಾನಲ್ಲ ಎಂದು ಸಿಟ್ಟಾದರು. ಆ ಪಾತ್ರಕ್ಕೆ ಮೈ ಮತ್ತು ದನಿ ಕೊಟ್ಟ ನಟ ಅಹಮದ್ ಬೆಸ್ಟ್. ಆಗ ಎದುರಾದ ದ್ವೇಷದಿಂದ ತಾನು ಜೀವ ಕಳೆದುಕೊಳ್ಳುವ ಅಂಚಿಗೆ ಹೋಗಿದ್ದೆ ಎಂದು ೨೦೧೮ರಲ್ಲಿ ಅವರು ಹೇಳಿಕೊಂಡರು. ಕತ್ತರಿಗೆ ಪಾತ್ರ ಒಂದು ಚಿತ್ರಪಟ್ಟಿ ಅಷ್ಟೇ. ಅದರ ಹಿಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ ಎಂದು ವಿಮರ್ಶೆ ಮರೆಯಬಾರದು.

ಈ ಮಾತು ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ಓದುವ ನಮಗೆ ಬೇಗ ತಿಳಿಯಬೇಕು. ಕನ್ನಡ ಸಿನಿಮಾದಲ್ಲಿ ನಮ್ಮ ಭಾಗದ ಮಾತು ಎಷ್ಟು ಸಲ ಬಂದದ್ದು ಗಂಭೀರ ಪಾತ್ರದ ಬಾಯಲ್ಲಿ, ಎಷ್ಟು ಸಲ ನಗಿಸುವವನ ಬಾಯಲ್ಲಿ? ಲೆಕ್ಕ ನೀವೇ ಹಾಕಿಕೊಳ್ರಿ. ನಗೆ ಸಾಕಾದಾಗ ಮೊದಲು ಕತ್ತರಿಗೆ ಸಿಗುವವನೂ ಅವನೇ. ಮಾತನ್ನು ಮೊದಲು ಗೇಲಿಗೆ ಹಾಕುವುದು, ಆಮೇಲೆ ಗೇಲಿ ಕೆಟ್ಟದ್ದೆಂದು ಮಾತಾಡುವವನನ್ನೇ ತೆಗೆಯುವುದು. ಇದರಲ್ಲಿ ಎರಡು ಸಲ ಸೋತವನು ಒಬ್ಬನೇ. ಇನ್ನೊಬ್ಬ ಅನಾಮಿಕ ಅಭಿಮಾನಿ ಮಾಡಿದ ಮರುಸಂಕಲನದಲ್ಲಿ ಬೇರೆ ದಾರಿ ಹಿಡಿಯಲಾಗಿತ್ತು. ಅಲ್ಲಿ ಗಂಗನ್ನರ ಮಾತನ್ನು ಅರ್ಥವಾಗದಂತೆ ಕಲಸಿ, ಕೆಳಗೆ ಹೊಸ ಅಡಿಬರಹ ಕೊಟ್ಟು, ತೂಕದ ಮಾತಾಡುವವರನ್ನಾಗಿ ಮಾಡಿದ್ದರು. ಕೆಲಸ ಒರಟು. ಆದರೂ ಅದರ ಹಿಂದಿನ ಮನಸ್ಸು ನಿಕೋಲ್ಸ್‌ಗಿಂತ ದೊಡ್ಡದು ಅಂತ ನನ್ನ ಅನಿಸಿಕೆ.

ಕತ್ತರಿಗೆ ಮಿತಿಯೂ ಇದೆ. ಕ್ಯಾಸೆಟ್ಟಿನಲ್ಲಿ ಮಾತು, ಸಂಗೀತ, ಸದ್ದು ಮೂರೂ ಒಂದಾಗಿ ಕಲೆತಿರುತ್ತವೆ. ಮಾತು ತೆಗೆದರೆ ಅದರ ಜೊತೆ ಸಂಗೀತವೂ ತುಂಡಾಗುತ್ತದೆ. ಅಭಿಮಾನಿಯ ಬಳಿ ಇಲ್ಲದ ದೃಶ್ಯವನ್ನು ಅವನು ಸೇರಿಸಲಾರ. ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಸಿಂಗೀತಂ ಶ್ರೀನಿವಾಸರಾವ್ ಅವರ ತೆಲುಗು ಚಿತ್ರ 'ಆದಿತ್ಯ ೩೬೯' (೧೯೯೧) ೨೦೨೫ರ ಏಪ್ರಿಲಿನಲ್ಲಿ ಮತ್ತೆ ತೆರೆಗೆ ಬಂತು. ಕಾಲಯಂತ್ರ ಏರಿದ ನಾಯಕ ೧೫೨೬ರ ಕೃಷ್ಣದೇವರಾಯನ ಆಸ್ಥಾನಕ್ಕೂ, ಆಮೇಲೆ ೨೫೦೪ನೆಯ ಇಸವಿಗೂ ಹೋಗಿ ಬರುತ್ತಾನೆ. 'ಹಾಲು ಜೇನು' ಮಾಡಿದ ಅದೇ ನಿರ್ದೇಶಕರು. ಕನ್ನಡಿಗನ ಬೇಸರ ಏನೆಂದರೆ, ಕನ್ನಡರಾಜ್ಯ ರಮಾರಮಣನೆಂಬ ಬಿರುದಿನ ದೊರೆ ಅಲ್ಲಿ ಆಡುವುದು ತೆಲುಗು. ಆಗಲಿ, ಕತ್ತರಿ ತೊಗೊಳ್ರಿ. ಏನು ಮಾಡುತ್ತೀರಿ? ಎಷ್ಟು ಕತ್ತರಿಸಿದರೂ ರಾಯ ಕನ್ನಡ ಮಾತಾಡುವುದಿಲ್ಲ. ಇರುವುದನ್ನು ತೆಗೆಯಬಹುದು, ಇಲ್ಲದ್ದನ್ನು ತರುವುದಾಗದು. ಅಭಿಮಾನಿಯ ಮರುಸಂಕಲನವನ್ನು ತೂಗುವಾಗ ಈ ಅಳತೆ ಮರೆಯಬಾರದು. ನಿಕೋಲ್ಸ್ ಚಿತ್ರದ ಉಸಿರಾಟ ಸರಿಮಾಡಿದ. ಹೃದಯ ಬದಲಿಸುವುದು ಅವನ ಕೈಯಲ್ಲಿರಲಿಲ್ಲ.

ಒಂದು ಎಳೆ ಎಳೆದರೆ ಇಡೀ ಬಟ್ಟೆ ಸುಕ್ಕಾಗುತ್ತದೆ. ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ಇಲ್ಲಿಂದ ನೂರೈವತ್ತು ಕಿಲೋಮೀಟರು ಆಸುಪಾಸಿನಲ್ಲಿದೆ ವೇಮುಲವಾಡ. ಅಲ್ಲಿನ ಅರಿಕೇಸರಿಯ ಆಸ್ಥಾನದಲ್ಲಿ ಪಂಪ ೯೪೧ರ ಸುಮಾರಿಗೆ ವ್ಯಾಸಭಾರತವನ್ನು ಕನ್ನಡದಲ್ಲಿ ಮರುಕಟ್ಟಿದ. ಅರ್ಜುನನಲ್ಲಿ ತನ್ನ ದೊರೆಯನ್ನು ಕಂಡ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿದ. ಆಮೇಲೆ ನೋಡ್ರಿ ಪೇಚು. ಅರ್ಜುನನ ಹೆಂಡತಿಯನ್ನು ಧರ್ಮರಾಯ ಯಾವ ಹಕ್ಕಿನಿಂದ ಪಣಕ್ಕೆ ಒಡ್ಡಿದ? ಕೊನೆಗೆ ಪಟ್ಟಾಭಿಷೇಕದ ಹೊತ್ತಿಗೆ ಅರ್ಜುನನ ಪಕ್ಕ ಕೂರುವವಳು ಸುಭದ್ರೆ. ವಿದ್ವಾಂಸರು ಇದನ್ನು ಎತ್ತಿ ಆಡುತ್ತಲೇ ಬಂದಿದ್ದಾರೆ. ಆದರೂ ಪಂಪ ಗೆದ್ದ, ಯಾಕೆಂದರೆ ಪ್ರತಿ ಪದ್ಯವನ್ನೂ ಹೊಸದಾಗಿ ಬರೆಯುವ ಶಕ್ತಿ ಅವನಿಗಿತ್ತು. ಬರೀ ಕತ್ತರಿ ಹಿಡಿದವನಿಗೆ ಆ ಅನುಕೂಲ ಇಲ್ಲ. ಜಾರ್ ಜಾರ್‌ನನ್ನು ಎಷ್ಟೇ ಕುಗ್ಗಿಸಿದರೂ ರಾಣಿಗೂ ಗಂಗನ್ನರಿಗೂ ಸ್ನೇಹ ಕೂಡುವುದು ಅವನ ಮೂಲಕವೇ. ಮುಂದಿನ ಚಿತ್ರದಲ್ಲಿ ತುರ್ತು ಅಧಿಕಾರದ ಪ್ರಸ್ತಾಪವನ್ನು ಸಭೆಯ ಮುಂದಿಡುವವನೂ ಅವನೇ.

ನಿಕೋಲ್ಸ್‌ಗೆ ನಮ್ಮಲ್ಲಿ ಹತ್ತಿರದ ಬಂಧು ಹುಡುಕಿದರೆ ಸಿಗುವುದು ಶೂನ್ಯಸಂಪಾದನೆಕಾರರು. ವಚನಗಳು ಮೊದಲೇ ಇದ್ದವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಅವನ್ನು ಆರಿಸಿ, ಒಂದರ ಮುಂದೆ ಒಂದಿಟ್ಟು, ಅನುಭವಮಂಟಪದ ಸಂವಾದವಾಗಿ ಕಟ್ಟಿದ. ಅದು ಶುದ್ಧ ಸಂಕಲನ ಕಲೆ. ಅದನ್ನು ನೋಡಿ ತೃಪ್ತಿಯಾಗದೆ ಹಲಗೆಯಾರ್ಯ ಇನ್ನೊಂದು ಮಾಡಿದ. ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗವನ್ನು ಸೇರಿಸಿದ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ. ನಾಲ್ಕು ಸಂಪಾದನೆಗಳು, ನಾಲ್ಕು ಮತ. ನಮ್ಮ ಭಾಗ್ಯವೆಂದರೆ ನಾಲ್ಕೂ ಉಳಿದಿವೆ. ಎರಡನೆಯವನು ಮೊದಲನೆಯವನ ಪ್ರತಿಯನ್ನು ಒಲೆಗೆ ಹಾಕಲಿಲ್ಲ. ಆದ್ದರಿಂದ ಯಾರು ಏನು ಸೇರಿಸಿದರು, ಯಾಕೆ ಸೇರಿಸಿದರು ಅಂತ ನಾವು ಇವತ್ತಿಗೂ ವಾದ ಮಾಡಬಹುದು.

ನನ್ನ ತಕ್ಕಡಿ ನಿಂತಿರುವುದು ಇಲ್ಲಿ. ಮೂಲ ಪಕ್ಕದಲ್ಲಿ ಉಳಿದಿದ್ದರೆ ತಿದ್ದುವುದು ವಿಮರ್ಶೆ. ಮೂಲವನ್ನು ಅಳಿಸಿದರೆ ಅದೇ ಕೆಲಸ ದಬ್ಬಾಳಿಕೆ. ಈ ಅಳತೆಯಲ್ಲಿ ತೂಗಿದರೆ ಅಭಿಮಾನಿಗಿಂತ ಒಡೆಯನೇ ಹೆಚ್ಚು ಅಪಾಯದವನು. ಲ್ಯೂಕಸ್‌ನನ್ನೇ ನೋಡ್ರಿ. ೧೯೮೮ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ನಿಂತು, ಹಳೆಯ ಚಿತ್ರಗಳಿಗೆ ಬಣ್ಣ ಬಳಿದು ಕೆಡಿಸಬೇಡಿ ಎಂದು ವಾದಿಸಿದವನು. ೧೯೯೭ರಲ್ಲಿ ತನ್ನದೇ ಮೊದಲ ಮೂರು ಚಿತ್ರಗಳಿಗೆ ಕಂಪ್ಯೂಟರ್ ಬೊಂಬೆಗಳನ್ನು ತುಂಬಿದ. ೧೯೭೭ರಲ್ಲಿ ಹ್ಯಾನ್ ಸೋಲೋ ಎಂಬ ಕಳ್ಳಸಾಗಣೆದಾರ ಎದುರಿಗಿದ್ದವನ ಮೇಲೆ ತಾನೇ ಗುಂಡು ಹಾರಿಸಿದ್ದ; ೧೯೯೭ರಲ್ಲಿ ಎದುರಿಗಿದ್ದವನು ಮೊದಲು ಹಾರಿಸುವಂತಾಯಿತು. ಒರಟನೊಬ್ಬ ನಿಧಾನಕ್ಕೆ ಒಳ್ಳೆಯವನಾಗುವ ಕತೆಯಲ್ಲಿ ಮೊದಲಿನ ಒರಟುತನವನ್ನೇ ತೊಳೆದುಬಿಟ್ಟ. ಆಮೇಲೆ ಹಳೆಯ ರೂಪವನ್ನು ಒಳ್ಳೆಯ ಪ್ರತಿಯಲ್ಲಿ ಜನರ ಕೈಗೆ ಕೊಡಲೂ ಇಲ್ಲ.

ಆಗ ಮೂಲವನ್ನು ಉಳಿಸಹೊರಟವರು ಯಾರು? ಮತ್ತೆ ಅಭಿಮಾನಿಗಳೇ. ಚೆಕ್ ದೇಶದವನೊಬ್ಬ ಬೇರೆಬೇರೆ ಪ್ರತಿಗಳನ್ನು ಕೂಡಿಸಿ, ಒಂದರಲ್ಲಿ ಕೆಟ್ಟದ್ದನ್ನು ಇನ್ನೊಂದರಿಂದ ತುಂಬಿ, ೧೯೭೭ರ ರೂಪವನ್ನು ಚೌಕಟ್ಟು ಚೌಕಟ್ಟಾಗಿ ಹಿಂದಕ್ಕೆ ಕಟ್ಟಿದ. ಪ್ರತಿಗಳನ್ನು ಹೋಲಿಸಿ ಶುದ್ಧಪಾಠ ನಿರ್ಣಯಿಸುವುದು ಅಂತ ನಾವು ಪರೀಕ್ಷೆಯಲ್ಲಿ ಬರೆಯುತ್ತೇವಲ್ಲ, ಅದು ಇದೇ. ೨೦೨೫ರ ಜೂನಿನಲ್ಲಿ ಲಂಡನ್ನಿನಲ್ಲಿ ೧೯೭೭ರದೇ ಒಂದು ಹಳೆಯ ಪ್ರಿಂಟನ್ನು ತೋರಿಸಿದ್ದೇ ಒಂದು ಸುದ್ದಿಯಾಯಿತು. ಕೋಟಿಗಟ್ಟಲೆ ಜನ ನೋಡಿದ ಚಿತ್ರದ ಮೂಲರೂಪ ನೋಡುವುದೇ ಸುದ್ದಿ ಅಂದರೆ ಏನರ್ಥ!

ನಮ್ಮ ದೇಶದ ಕತೆ ಇನ್ನೂ ಹತ್ತಿರ. ೨೦೧೩ರ ಹಿಂದಿ ಚಿತ್ರ 'ರಾಂಝಣಾ'ದಲ್ಲಿ ಕೊನೆಗೆ ನಾಯಕ ಸಾಯುತ್ತಾನೆ. ೨೦೨೫ರ ಆಗಸ್ಟಿನಲ್ಲಿ ಅದರ ತಮಿಳು ರೂಪವನ್ನು ಮತ್ತೆ ಬಿಡುಗಡೆ ಮಾಡಿದ ನಿರ್ಮಾಣ ಸಂಸ್ಥೆ ಕೃತಕ ಬುದ್ಧಿಮತ್ತೆಯ ಯಂತ್ರದಿಂದ ನಾಯಕನನ್ನು ಬದುಕಿಸಿತು. ನಿರ್ದೇಶಕ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ವಿರೋಧಿಸಿದರು. ಆದರೆ ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಕಣ್ಣಿನಲ್ಲಿ ಚಲನಚಿತ್ರದ ಕರ್ತೃ ನಿರ್ದೇಶಕನಲ್ಲ, ನಿರ್ಮಾಪಕ. ಮೊನ್ನೆಯವರೆಗೆ ನಾನು ಹೇಳುತ್ತಿದ್ದ ಮಿತಿ, ಅಂದರೆ ಕತ್ತರಿ ಇಲ್ಲದ್ದನ್ನು ತರಲಾರದು ಎನ್ನುವುದು, ಈಗ ಒಡೆಯನಿಗೆ ಇಲ್ಲ. ನಾಳೆ ನಮ್ಮ ಕೃಷ್ಣದೇವರಾಯ ಕನ್ನಡವನ್ನೂ ಮಾತಾಡಬಹುದು. ಖುಷಿಪಡುವ ಮೊದಲು ಎರಡು ಸಲ ಯೋಚಿಸ್ರಿ.

ಒಡೆಯ ತಿದ್ದಲೇಬಾರದೆಂದು ನಾನು ಹೇಳುತ್ತಿಲ್ಲ. ಇದೇ ಹೈದರಾಬಾದಿನ ರಾಜಮೌಳಿ ತಮ್ಮ ಎರಡು 'ಬಾಹುಬಲಿ'ಗಳನ್ನು (೨೦೧೫, ೨೦೧೭) ಕತ್ತರಿಸಿ, ಐದು ಗಂಟೆಗೂ ಮೀರಿದ್ದನ್ನು ಮೂರೂಮುಕ್ಕಾಲು ಗಂಟೆಗೆ ಇಳಿಸಿ, 'ಬಾಹುಬಲಿ: ದಿ ಎಪಿಕ್' ಎಂದು ೨೦೨೫ರ ಅಕ್ಟೋಬರ್ ೩೧ರಂದು ತೆರೆಗೆ ತಂದರು. ಹೆಸರು ಬೇರೆ ಇಟ್ಟರು. ಹಳೆಯ ಎರಡೂ ಹಾಗೆಯೇ ಇವೆ. ಹಾಡು ಹೋಯಿತೆಂದು ಅಳುವವನು ಹಳೆಯದನ್ನು ನೋಡಲಿ. ಇದು ನ್ಯಾಯ.

'ಫ್ಯಾಂಟಮ್ ಎಡಿಟ್'ಗೂ ಈ ನ್ಯಾಯ ಸಲ್ಲಬೇಕು. ಚಿತ್ರದ ಮೊದಲಲ್ಲೇ ತೇಲಿಬರುವ ಅಕ್ಷರಗಳಲ್ಲಿ, ಇದು ಒಬ್ಬ ಅಭಿಮಾನಿ ತಿದ್ದಿದ ರೂಪ, ಇಂಥಿಂಥದನ್ನು ತೆಗೆದಿದ್ದೇನೆ ಎಂದು ನಿಕೋಲ್ಸ್ ಹೇಳಿಬಿಡುತ್ತಾನೆ. ಹೆಸರು ಮುಚ್ಚಿಟ್ಟ, ಕೆಲಸ ಮುಚ್ಚಿಡಲಿಲ್ಲ. ನೂರಕ್ಕೆ ಅರವತ್ತು ಅಂಕ ಕೊಡುತ್ತೇನೆ. ಲಯಕ್ಕೆ ಪೂರ್ತಿ ಕೊಟ್ಟು, ರಾಜಕೀಯ ಕತ್ತರಿಸಿದ್ದಕ್ಕೂ ಮಗುವನ್ನು ವೀರನಾಗಿಸಿದ್ದಕ್ಕೂ ಕಳೆಯುತ್ತೇನೆ. ಆದರೆ ಅದು ಬಂದದ್ದು ಒಳ್ಳೆಯದೇ ಆಯಿತು. ಚಿತ್ರ ಕೆಟ್ಟಿದೆ ಎನ್ನುವವರು ಸಾವಿರ ಜನ. ಯಾವ ಮಾತು, ಯಾವ ಚೌಕಟ್ಟು, ಎಷ್ಟು ಕ್ಷಣ ಅಂತ ಬೆರಳಿಟ್ಟು ತೋರಿಸಿದವನು ಇವನು. ನಮ್ಮ ವಿಚಾರಸಂಕಿರಣಗಳಲ್ಲಿ 'ಕೃತಿ ಶಿಥಿಲವಾಗಿದೆ' ಎಂದು ಹೇಳಿ ಕೂತುಬಿಡುವ ವಿಮರ್ಶಕರು ಇವನಿಂದ ಕಲಿಯಬೇಕಾದ್ದು ಇದೆ.

ನಮ್ಮ ಬಳಗಕ್ಕೆ ನನ್ನದೊಂದು ಸೂಚನೆ. 'ಆದಿತ್ಯ ೩೬೯' ಆಗಲಿ, ೨೦೨೪ರ 'ಕಲ್ಕಿ ೨೮೯೮ ಎ.ಡಿ.' ಆಗಲಿ, ಒಂದು ಚಿತ್ರ ಆರಿಸೋಣ. ಕತ್ತರಿ ಬೇಡ, ಪೆನ್ಸಿಲ್ ಸಾಕು. ಪ್ರತಿಯೊಬ್ಬರೂ ತಾವು ತೆಗೆಯುವ ಇಪ್ಪತ್ತು ನಿಮಿಷ ಯಾವುದೆಂದು ದೃಶ್ಯವಾರು ಬರೆದು, ಪಕ್ಕದಲ್ಲಿ ಕಾರಣ ಬರೆಯಬೇಕು. ತೆಗೆದದ್ದರಿಂದ ಮುಂದೆ ಎಲ್ಲೆಲ್ಲಿ ಎಳೆ ಸಡಿಲಾಗುತ್ತದೆ ಅದನ್ನೂ ಬರೆಯಬೇಕು. ಆಮೇಲೆ ಕೂತು ಜಗ್ಗಾಡೋಣ. ಗ್ರಂಥಸಂಪಾದನೆಯ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಸಂಪಾದಕರು ಈ ಲೇಖನದಲ್ಲಿ ಏನಾದರೂ ಕತ್ತರಿಸಿದ್ದರೆ ನನ್ನ ತಕರಾರಿಲ್ಲ. ಮೂಲಪ್ರತಿಯನ್ನು ಮಾತ್ರ ಹರಿದು ಹಾಕದೆ ಕಪಾಟಿನಲ್ಲಿ ಇಟ್ಟಿರಲಿ.